ಕುಸನೂರಿನ ಸಸಿಗಳು: ತುಂಗಭದ್ರೆಯ ಸೀಮೆಯಲ್ಲಿ ನದಿ, ನೆಲ ಮತ್ತು ನೆಡುವವರ ಹಕ್ಕು (೧೯೮೪–೧೯೯೧)

೧

ನಮ್ಮ ಇತಿಹಾಸ ಗ್ರಂಥಗಳಲ್ಲಿ ನದೀತೀರವು ರಣಭೂಮಿಯಾಗಿ, ತೀರ್ಥಕ್ಷೇತ್ರವಾಗಿ, ದತ್ತಿಬಿಟ್ಟ ಭೂಮಿಯ ಎಲ್ಲೆಯಾಗಿ ಕಾಣಿಸಿಕೊಳ್ಳುತ್ತದೆ. ಕೊಚ್ಚಿಹೋಗುವ ಮಣ್ಣಾಗಿ ಕಾಣಿಸಿಕೊಳ್ಳುವುದು ಅಪರೂಪ. ಆ ಮಣ್ಣನ್ನು ಹಿಡಿದಿಟ್ಟ ಮರಗಳಿಗೂ ಆ ಮರಗಳನ್ನು ನೆಟ್ಟ ಜನರಿಗೂ ಅಲ್ಲಿ ದೊರೆತಿರುವ ಸ್ಥಳ ಇನ್ನೂ ಚಿಕ್ಕದು. ಹೊಳೆಯ ದಡವನ್ನು ಕಾಪಾಡಲು ಊರಿನ ಜನ ತಾವಾಗಿ ಸಸಿ ನೆಡುವುದು ಈಗ ಎಲ್ಲ ಕಡೆಗಳಲ್ಲಿಯೂ ಕಾಣುವ ಕಾರ್ಯ. ಅದನ್ನು ಒಂದು ಸತ್ಕಾರ್ಯವೆಂದು ಮೆಚ್ಚಿ ಮುಂದೆ ಹೋಗುವುದು ಸುಲಭ. ಆದರೆ ಅದಕ್ಕೂ ಒಂದು ಇತಿಹಾಸವಿದೆ, ಆ ಇತಿಹಾಸದಲ್ಲಿ ತೀಕ್ಷ್ಣವಾದ ವಿವಾದಗಳೂ ಇವೆ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಬೀದರ ಜಿಲ್ಲೆಯ ಬಸವಕಲ್ಯಾಣ–ಹುಮನಾಬಾದ ಸೀಮೆಯಿಂದಲೇ ಪ್ರಾರಂಭಿಸೋಣ. ಘಾಟಬೋರಾಳವೇ ಮೊದಲಾದ ಊರುಗಳಿರುವ ಈ ಸೀಮೆಯಲ್ಲಿ ಜಂಬಿಟ್ಟಿಗೆಯ ಎತ್ತರದ ನೆಲವೂ ಉಂಟು, ಎರೆಭೂಮಿಯೂ ಉಂಟು. ಇಲ್ಲಿಯ ನೀರು ಎರಡು ಮಹಾನದಿಗಳಿಗೆ ಪಾಲಾಗುತ್ತದೆ: ಕಾರಂಜಾ ನದಿಯು ಮಾಂಜರೆಯನ್ನು ಕೂಡಿ ಗೋದಾವರಿಯನ್ನು ಸೇರಿದರೆ, ಮುಲ್ಲಾಮಾರಿಯು ಕಾಗಿಣೆಯನ್ನು ಕೂಡಿ ಭೀಮೆಯ ಮೂಲಕ ಕೃಷ್ಣೆಯನ್ನು ಸೇರುತ್ತದೆ. ಎರೆಮಣ್ಣು ಬೇಸಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಹಳ್ಳವು ತುಂಬಿ ಹರಿದಾಗ ಪ್ರವಾಹವು ದಡದ ಬುಡವನ್ನು ಕೊರೆಯುತ್ತದೆ. ನೀರು ಬೇಗನೆ ಇಳಿದಾಗ, ನೆನೆದು ಭಾರವಾದ ದಡವು ಆಧಾರವಿಲ್ಲದೆ ಕುಸಿಯುತ್ತದೆ. ಬಿರುಕುಗಳ ಒಳಗೆ ಇಳಿದ ನೀರು ಈ ಕುಸಿತವನ್ನು ಹೆಚ್ಚಿಸುತ್ತದೆ. ಹೀಗೆ ಹೋದ ಮಣ್ಣು ಒಬ್ಬ ರೈತನ ಹೊಲದ ಅಂಚಾಗಿರುತ್ತದೆ, ಅದೇ ಮಣ್ಣು ಕೆಳಗಿನ ಊರಿನ ಕೆರೆಯಲ್ಲಿ ಹೂಳಾಗಿ ನಿಲ್ಲುತ್ತದೆ.

ಇದಕ್ಕೆ ದಡದ ಮರಗಳು ಹೇಗೆ ತಡೆಯಾಗುತ್ತವೆಂಬುದನ್ನು ಹಳ್ಳಿಯ ಜನ ಬಹಳ ಕಾಲದಿಂದ ಬಲ್ಲರು. ಹೊಂಗೆ, ನೇರಳೆ, ಅತ್ತಿ, ಹೊಳೆಮತ್ತಿ ಇವು ನೀರಿನ ಬಳಿಯಲ್ಲಿ ತಾವಾಗಿ ಬೆಳೆಯುವ ಮರಗಳು. ಅವುಗಳ ಬೇರು ಮಣ್ಣನ್ನು ಹೆಣೆದು ಹಿಡಿಯುತ್ತದೆ. ಅವುಗಳ ಕೆಳಗೆ ಲಕ್ಕಿಯಂತಹ ಪೊದೆ, ಅದಕ್ಕೂ ಕೆಳಗೆ ಲಾವಂಚದಂತಹ ಹುಲ್ಲು ಬೆಳೆದರೆ ಪ್ರವಾಹದ ವೇಗ ದಡಕ್ಕೆ ತಾಗುವ ಮೊದಲೇ ಕುಗ್ಗುತ್ತದೆ. ಎಂದರೆ, ದಡವನ್ನು ಕಾಯುವುದು ಒಂದು ಮರವಲ್ಲ; ಮರ, ಪೊದೆ, ಹುಲ್ಲುಗಳ ಸಮುದಾಯ.

ಇಷ್ಟು ತಿಳಿದಿದ್ದರೂ ಯಾವ ಮರವನ್ನು ನೆಡಬೇಕು, ಯಾರ ನೆಲದಲ್ಲಿ ನೆಡಬೇಕು, ನೆಟ್ಟುದನ್ನು ಯಾರು ಸಲಹಬೇಕು ಎಂಬ ಮೂರು ಪ್ರಶ್ನೆಗಳು ಉಳಿಯುತ್ತವೆ. ಈ ಮೂರೂ ಬಹಿರಂಗವಾಗಿ ಎದ್ದುನಿಂತು, ನ್ಯಾಯಾಲಯದವರೆಗೂ ಹೋದುದು ಬೀದರಿನಲ್ಲಲ್ಲ, ಅಂದಿನ ಧಾರವಾಡ ಜಿಲ್ಲೆಯ ತುಂಗಭದ್ರೆಯ ಸೀಮೆಯಲ್ಲಿ. ಆದಕಾರಣ ನಾವು ಆ ಕಡೆಗೆ ತಿರುಗಬೇಕಾಗಿದೆ. ಅದಕ್ಕೆ ಮೊದಲು ಹಿನ್ನೆಲೆಯ ಒಂದೆರಡು ಸಂಗತಿಗಳನ್ನು ಗಮನಿಸುವುದು ಉಚಿತ.

೨

ಮರ ನೆಡುವ ವಿದ್ಯೆಯು ಕನ್ನಡಕ್ಕೆ ಹೊಸದಲ್ಲ. ಚಾಲುಕ್ಯ ಚಕ್ರವರ್ತಿ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಸುಮಾರು ೧೦೨೫ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ನೆಲದೊಳಗಿನ ನೀರನ್ನು ಗುರುತಿಸುವ ವಿಚಾರವೂ ವೃಕ್ಷಾಯುರ್ವೇದವೂ ಸೇರಿವೆ. ಮುಂದೆ ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡು ಮೆರೆದ ಅರಸುಮನೆತನದ ಕಾಲದಲ್ಲಿಯೇ ಈ ಗ್ರಂಥ ಹುಟ್ಟಿತೆಂಬುದು ಬಸವಕಲ್ಯಾಣದ ಸೀಮೆಯ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಸ್ಮರಣೀಯ. ಗ್ರಂಥದ ಹೆಸರೇ ಹೇಳುವಂತೆ, ಇಂತಹ ತಿಳಿವಳಿಕೆಯನ್ನು ಲೋಕದ ಉಪಕಾರಕ್ಕೆ ಸೇರಿದುದೆಂದು ಅಂದಿನವರು ಭಾವಿಸಿದ್ದರು. ಅರಳಿಮರಕ್ಕೆ ಕಟ್ಟೆ ಕಟ್ಟುವುದು, ದಾರಿಯ ಪಕ್ಕದಲ್ಲಿ ಸಾಲುಮರ ಬೆಳೆಸುವುದು, ದೇವರ ಕಾಡಿಗೆ ಕೊಡಲಿ ಹಾಕದಿರುವುದು ಇವೆಲ್ಲ ಅದೇ ಭಾವನೆಯ ಬೇರೆಬೇರೆ ರೂಪಗಳು.

ಆಧುನಿಕ ಕಾಲದಲ್ಲಿ ಈ ಸಂಬಂಧಕ್ಕೆ ರಾಜಕೀಯದ ಬಣ್ಣ ಬಂದಿತು. ಬ್ರಿಟಿಷರ ಆಡಳಿತವು ಸಾಗುವಳಿಯಿಲ್ಲದ ನೆಲದ ಮೇಲೆ ಸರ್ಕಾರದ ಒಡೆತನವನ್ನು ಸಾರಿತು. ಊರಿನ ದನ ಮೇಯುತ್ತಿದ್ದ, ಸೌದೆ-ಸೊಪ್ಪು ಸಿಗುತ್ತಿದ್ದ ನೆಲವು ದಫ್ತರದಲ್ಲಿ ಸರ್ಕಾರದ್ದಾಯಿತು. ಬಳಕೆಯಲ್ಲಿ ಮಾತ್ರ ಊರಿನದಾಗಿ ಉಳಿಯಿತು. ೧೯೩೦ರಲ್ಲಿ ಉತ್ತರ ಕನ್ನಡದಲ್ಲಿ ಅರಣ್ಯ ಕಾಯಿದೆಯನ್ನು ಮುರಿಯುವ ಸತ್ಯಾಗ್ರಹ ನಡೆದುದು ಈ ಹಿನ್ನೆಲೆಯಲ್ಲಿ. ೧೯೩೯ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ನೇತೃತ್ವದಲ್ಲಿ ನಡೆದ ಸತ್ಯಾಗ್ರಹದಲ್ಲಿ ಜನರು ಈಚಲುಮರಗಳನ್ನು ಕಡಿದರು. ಹೆಂಡದ ಮರವನ್ನು ಕಡಿಯುವುದೆಂದರೆ ಪಾನನಿರೋಧದ ಸಾಧನೆಯೂ ಹೌದು, ಸರ್ಕಾರದ ಅಬಕಾರಿ ಆದಾಯಕ್ಕೂ ಕಾಯಿದೆಗೂ ಪ್ರತಿಭಟನೆಯೂ ಹೌದು. ಈಚಲು ಬಯಲುಸೀಮೆಯ ಹಳ್ಳದ ಅಂಚುಗಳಲ್ಲಿ ಬೆಳೆಯುವ ಮರವೆಂಬುದನ್ನು ಅಂದು ಯಾರೂ ಮುಖ್ಯವೆಂದು ಎಣಿಸಿದಂತಿಲ್ಲ; ಅಂದಿನ ಪ್ರಶ್ನೆಯೇ ಬೇರೆ. ಆದರೆ ಅದೇ ಸತ್ಯಾಗ್ರಹದ ಪರಂಪರೆ ಐವತ್ತು ವರ್ಷಗಳೊಳಗೆ ಮರವನ್ನು ನೆಡುವ ಕಡೆಗೆ ಹೇಗೆ ತಿರುಗಿತೆಂಬುದು ವಿಚಾರಾರ್ಹ.

ಸ್ವಯಂಸೇವಕರೆಂಬ ಕಲ್ಪನೆಯೂ ಈ ಸೀಮೆಗೆ ಹಳೆಯದೇ. ಡಾ. ನಾ. ಸು. ಹರ್ಡೀಕರರು ೧೯೨೩ರಲ್ಲಿ ಸ್ಥಾಪಿಸಿದ ಹಿಂದುಸ್ತಾನಿ ಸೇವಾದಳಕ್ಕೆ ಹುಬ್ಬಳ್ಳಿಯೇ ಕೇಂದ್ರವಾಗಿತ್ತು. ಸಂಬಳವಿಲ್ಲದೆ, ಶಿಸ್ತಿನಿಂದ, ಸಾರ್ವಜನಿಕ ಕಾರ್ಯಕ್ಕೆ ಮೈಬಗ್ಗಿಸುವುದನ್ನು ಧಾರವಾಡದ ಸೀಮೆ ರಾಷ್ಟ್ರೀಯ ಆಂದೋಲನದ ಕಾಲದಲ್ಲಿಯೇ ಕಲಿತಿತ್ತು.

೩

ಸ್ವಾತಂತ್ರ್ಯಾನಂತರ ಮರ ನೆಡುವುದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು ೧೯೫೦ರಲ್ಲಿ ವನಮಹೋತ್ಸವವನ್ನು ಪ್ರಾರಂಭಿಸಿದರು. ವರ್ಷಕ್ಕೊಮ್ಮೆ ಶಾಲೆಯ ಮಕ್ಕಳೂ ಅಧಿಕಾರಿಗಳೂ ಸಸಿ ನೆಡುವ ಪದ್ಧತಿ ಬೆಳೆಯಿತು. ಅದರ ಉದ್ದೇಶ ಉದಾತ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೆಟ್ಟ ದಿನಕ್ಕೆ ಉತ್ಸವವಿದ್ದಂತೆ ನೀರೆರೆಯುವ ದಿನಗಳಿಗೆ ಉತ್ಸವವಿಲ್ಲ.

ಇದರೊಡನೆ ಕೈಗಾರಿಕೆಗೆ ಬೇಕಾದ ಮರವನ್ನು ಬೆಳೆಸುವ ನೀತಿಯೂ ಬಂದಿತು. ಆಸ್ಟ್ರೇಲಿಯಾ ಮೂಲದ ನೀಲಗಿರಿ ಬೇಗ ಬೆಳೆಯುತ್ತದೆ, ನೆಟ್ಟಗೆ ಬೆಳೆಯುತ್ತದೆ, ದನ ಅದನ್ನು ಮುಟ್ಟುವುದಿಲ್ಲ. ಕಾಗದಕ್ಕೂ ರೇಯಾನಿಗೂ ಬೇಕಾದ ತಿರುಳನ್ನು ಕೊಡುವ ಮರವಾದ್ದರಿಂದ ಅದಕ್ಕೆ ಮಾರುಕಟ್ಟೆಯೂ ಇತ್ತು. ದನ ಮುಟ್ಟದಿರುವುದು ಅರಣ್ಯಾಧಿಕಾರಿಗೆ ಗುಣವಾಗಿ ಕಂಡರೆ ದನಗಾಹಿಗೆ ದೋಷವಾಗಿ ಕಂಡಿತು. ಸೊಪ್ಪಿಲ್ಲ, ಹಣ್ಣಿಲ್ಲ, ನೆರಳು ತೆಳುವು, ಬುಡದಲ್ಲಿ ಹುಲ್ಲು ವಿರಳ: ಇವು ಹಳ್ಳಿಗರ ಆಕ್ಷೇಪಣೆಗಳು. ೧೯೮೩ರ ಆಗಸ್ಟ್ ೧೦ರಂದು ತುಮಕೂರು ಜಿಲ್ಲೆಯ ಸಣ್ಣ ರೈತರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಕ್ಕೆ ಸಾಮೂಹಿಕವಾಗಿ ಹೋಗಿ ನೀಲಗಿರಿಯ ಸಸಿಗಳನ್ನು ಕಿತ್ತು ಹುಣಿಸೆ, ಮಾವಿನ ಬೀಜಗಳನ್ನು ಬಿತ್ತಿದರು. ಅದೇ ವರ್ಷದ ಸೆಪ್ಟೆಂಬರ್ ೮ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರು ಮುಂದಾಳಾಗಿದ್ದ ಆ ಅಪ್ಪಿಕೋ ಚಳವಳಿಯು ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಮಾತುಗಳನ್ನು ತನ್ನ ಸೂತ್ರವಾಗಿ ಇರಿಸಿಕೊಂಡಿತು. ಇವುಗಳಲ್ಲಿ ಮೂರನೆಯ ಮಾತು ಗಮನಾರ್ಹ. ಮರವನ್ನು ಬಳಸುವ ಹಕ್ಕುಳ್ಳವನೇ ಅದನ್ನು ಬೆಳೆಸುತ್ತಾನೆಂಬ ಅನುಭವ ಅದರಲ್ಲಿ ಅಡಗಿದೆ.

೪

ತುಂಗಾ ಮತ್ತು ಭದ್ರಾ ನದಿಗಳು ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುತ್ತವೆ. ಆ ನದಿಯ ದಡದಲ್ಲಿ, ಹರಿಹರದ ಎದುರಿನ ಕುಮಾರಪಟ್ಟಣದಲ್ಲಿ, ಹರಿಹರ ಪಾಲಿಫೈಬರ್ಸ್ ಎಂಬ ಕಾರ್ಖಾನೆ ಇದೆ. ರೇಯಾನಿಗೆ ಬೇಕಾದ ಮರದ ತಿರುಳನ್ನು ತಯಾರಿಸುವ ಈ ಕಾರ್ಖಾನೆಯ ತ್ಯಾಜ್ಯದಿಂದ ನದಿಯ ನೀರು ಕೆಡುತ್ತಿದೆ, ಮೀನುಗಳು ಸಾಯುತ್ತಿವೆ, ಕೆಳಗಿನ ಊರುಗಳ ಜನರ ಆರೋಗ್ಯಕ್ಕೂ ಜೀವನಕ್ಕೂ ಹಾನಿಯಾಗುತ್ತಿದೆ ಎಂಬ ದೂರು ೧೯೮೦ರ ದಶಕದಲ್ಲಿ ಬಲವಾಗಿ ಎದ್ದಿತು. ಧಾರವಾಡದಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯವು ೧೯೮೪ರ ಅಕ್ಟೋಬರ್ ೨ರಂದು ಗಾಂಧೀಜಯಂತಿಯ ದಿನ ಕಾರ್ಖಾನೆಯ ಮುಂದೆ ದೊಡ್ಡ ಪ್ರದರ್ಶನವನ್ನು ನಡೆಸಿತು. ೧೯೮೫ರ ಡಿಸೆಂಬರಿನಲ್ಲಿ, ಮಾಲಿನ್ಯವನ್ನು ತಡೆಯದ ಮಾಲಿನ್ಯ ನಿಯಂತ್ರಣ ಮಂಡಳಿಯ ವಿರುದ್ಧ ಕರ್ನಾಟಕದ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಸಲ್ಲಿಸಿತು. ಸಮುದಾಯದ ಮುಂದಾಳಾದ ಎಸ್. ಆರ್. ಹಿರೇಮಠರು ಅಮೆರಿಕದಿಂದ ಹಿಂದಿರುಗಿ, ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯ ಸುತ್ತಿನ ಹಳ್ಳಿಗಳಲ್ಲಿ ಅಭಿವೃದ್ಧಿಯ ಕೆಲಸ ಮಾಡಿದ್ದವರು.

ಈ ಹೋರಾಟ ನೀರಿಗೆ ಸಂಬಂಧಿಸಿದುದು. ಅದು ನೆಲದ ಹೋರಾಟವಾಗಿ ಪರಿಣಮಿಸಿದುದು ಇನ್ನೊಂದು ಘಟನೆಯಿಂದ. ೧೯೮೪ರ ನವೆಂಬರ್ ೧೪ರಂದು ಕರ್ನಾಟಕ ಸರ್ಕಾರವು ಇದೇ ಕಾರ್ಖಾನೆಯೊಡನೆ ಒಪ್ಪಂದ ಮಾಡಿಕೊಂಡು ‘ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಅದರಲ್ಲಿ ಸರ್ಕಾರದ ಪಾಲು ನೂರಕ್ಕೆ ೫೧, ಕಾರ್ಖಾನೆಯ ಪಾಲು ೪೯. ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ ಹರಡಿದ ೩೦,೦೦೦ ಹೆಕ್ಟೇರ್, ಎಂದರೆ ಸುಮಾರು ೭೫,೦೦೦ ಎಕರೆ ನೆಲವನ್ನು ನಲವತ್ತು ವರ್ಷಗಳ ಗುತ್ತಿಗೆಗೆ, ಎಕರೆಗೆ ವರ್ಷಕ್ಕೆ ಒಂದು ರೂಪಾಯಿಯಂತೆ ಕೊಡುವುದೆಂದು ನಿಶ್ಚಯವಾಯಿತು. ಅಲ್ಲಿ ನೀಲಗಿರಿಯೇ ಮೊದಲಾದ ಬೇಗ ಬೆಳೆಯುವ ಮರಗಳನ್ನು ಬೆಳೆಸಬೇಕು. ಉತ್ಪನ್ನದಲ್ಲಿ ನೂರಕ್ಕೆ ಎಂಬತ್ತೇಳೂವರೆ ಪಾಲು ನೇರವಾಗಿ ಕಾರ್ಖಾನೆಗೆ ಹೋಗಬೇಕು. ಉಳಿದುದನ್ನು ಕೊಳ್ಳುವ ಅವಕಾಶವೂ ಅದಕ್ಕೇ ಇತ್ತು.

ಸರ್ಕಾರದ ಪಕ್ಷವನ್ನೂ ಇಲ್ಲಿ ನ್ಯಾಯವಾಗಿ ಹೇಳಬೇಕು. ಕಾರ್ಖಾನೆಯು ಸಾವಿರಾರು ಜನರಿಗೆ ಜೀವನೋಪಾಯವಾಗಿತ್ತು. ಅದಕ್ಕೆ ಕಚ್ಚಾ ಸಾಮಗ್ರಿ ಬೇಕಾಗಿತ್ತು. ಸಹಜಾರಣ್ಯವನ್ನು ಕಡಿಯುವುದಕ್ಕಿಂತ ಬರಡು ನೆಲದಲ್ಲಿ ಮರ ಬೆಳೆಸುವುದು ಲೇಸೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ವಾದದ ದೌರ್ಬಲ್ಯವಿರುವುದು ‘ಬರಡು’ ಎಂಬ ಒಂದು ಮಾತಿನಲ್ಲಿ. ಕಂದಾಯದ ಲೆಕ್ಕದಲ್ಲಿ ಬರಡಾದ ನೆಲ ಊರಿನ ಲೆಕ್ಕದಲ್ಲಿ ಬರಡಾಗಿರಲಿಲ್ಲ. ಹುಲ್ಲು, ಸೌದೆ, ಬೇಲಿಯ ಮುಳ್ಳು, ನೇಗಿಲಿನ ಮರ, ಔಷಧದ ಬೇರು ಇವೆಲ್ಲ ಅಲ್ಲಿಂದ ಬರುತ್ತಿದ್ದುವು. ಭೂಮಿಯಿಲ್ಲದವನ ಕುರಿ ಮೇಯುತ್ತಿದ್ದುದು ಅಲ್ಲಿಯೇ. ಮೇಲುನೆಲದ ಹುಲ್ಲು-ಪೊದೆಗಳು ಮಳೆಯ ನೀರನ್ನು ತಡೆದು ಇಂಗಿಸಿದರೆ ಮಾತ್ರ ಹಳ್ಳ-ಹೊಳೆಗಳ ದಡ ಉಳಿಯುತ್ತದೆಂಬುದನ್ನೂ ಇಲ್ಲಿ ನೆನೆಯಬೇಕು. ನದಿಯ ರಕ್ಷಣೆಯು ನದಿಯ ಅಂಚಿನಲ್ಲಿ ಪ್ರಾರಂಭವಾಗುವುದಿಲ್ಲ. ಅದು ಮೇಲಿನ ಗೋಮಾಳದಲ್ಲಿ ಪ್ರಾರಂಭವಾಗುತ್ತದೆ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ರೈತರ ನಡುವೆ ಕೆಲಸ ಮಾಡುತ್ತಿದ್ದ ಯುವಕರ ಸಂಘಟನೆಯೊಂದು ಈ ಹಸ್ತಾಂತರದ ವಿರುದ್ಧ ಹೈಕೋರ್ಟಿಗೆ ಹೋಯಿತು. ಅದನ್ನು ಅನುಸರಿಸಿ ಸಮಾಜ ಪರಿವರ್ತನ ಸಮುದಾಯವು ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿತು. ಅರ್ಜಿದಾರರಲ್ಲಿ ಹಿರೇಮಠರೊಡನೆ ಡಾ. ಶಿವರಾಮ ಕಾರಂತರೂ ಇದ್ದರು. ೧೯೭೭ರಲ್ಲಿ ಜ್ಞಾನಪೀಠ ಪ್ರಶಸ್ತಿ ಪಡೆದಿದ್ದ ಕಾದಂಬರಿಕಾರರು ಎಂಬತ್ತು ದಾಟಿದ ವಯಸ್ಸಿನಲ್ಲಿ ಹಳ್ಳಿಯ ಹುಲ್ಲುಗಾವಲಿನ ಪರವಾಗಿ ನ್ಯಾಯಾಲಯದ ಬಾಗಿಲಿಗೆ ಹೋದುದು ನಮ್ಮ ಸಾಂಸ್ಕೃತಿಕ ಇತಿಹಾಸದಲ್ಲಿ ಲಘುವಾದ ಸಂಗತಿಯಲ್ಲ. ಊರಿನ ಸಮುದಾಯದ ನೆಲವನ್ನು ಒಂದು ಸಂಸ್ಥೆಗೆ ಏಕಪಕ್ಷೀಯವಾಗಿ ಒಪ್ಪಿಸುವುದು ಸಂವಿಧಾನದ ೧೪ ಮತ್ತು ೨೧ನೆಯ ವಿಧಿಗಳಿಗೆ ವಿರುದ್ಧವೆಂಬುದು ಅರ್ಜಿಯ ವಾದ. ೧೯೮೭ರ ಮಾರ್ಚ್ ೨೪ರಂದು ಸುಪ್ರೀಂ ಕೋರ್ಟು ತಡೆಯಾಜ್ಞೆಯನ್ನು ಕೊಟ್ಟಿತು. ಹೆಚ್ಚಿನ ನೆಲವನ್ನು ಸಂಸ್ಥೆಗೆ ವಹಿಸದಂತಾಯಿತು.

೫

ತಡೆಯಾಜ್ಞೆ ಮುಂದಿನ ಹಸ್ತಾಂತರವನ್ನು ತಡೆಯಿತು. ಆಗಲೇ ಕೊಟ್ಟಿದ್ದ ನೆಲದ ಮಾತು ಉಳಿಯಿತು. ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಕುಸನೂರಿನಲ್ಲಿ ಸುಮಾರು ೪೦೦ ಹೆಕ್ಟೇರ್ ನೆಲವು ಸಂಸ್ಥೆಯ ವಶಕ್ಕೆ ಹೋಗಿ ಅಲ್ಲಿ ನೀಲಗಿರಿಯನ್ನು ನೆಟ್ಟಾಗಿತ್ತು. ಒಪ್ಪಂದವಾಗಿ ಸರಿಯಾಗಿ ಮೂರು ವರ್ಷ ತುಂಬಿದ ದಿನ, ೧೯೮೭ರ ನವೆಂಬರ್ ೧೪ರಂದು, ಸತ್ಯಾಗ್ರಹವನ್ನು ಅಲ್ಲಿ ನಡೆಸಬೇಕೆಂದು ಸಮುದಾಯವು ನಿರ್ಧರಿಸಿತು. ಅಹಿಂಸೆಯಲ್ಲಿ ತರಬೇತಿಯ ಶಿಬಿರವೂ ನಡೆಯಿತು.

ಆ ದಿನ ಸುಮಾರು ಎರಡು ಸಾವಿರ ಜನ ಸೇರಿದರು. ಸುತ್ತಿನ ಹಳ್ಳಿಗಳ ಗಂಡಸರು, ಹೆಂಗಸರು, ಮಕ್ಕಳು, ರಾಜ್ಯದ ಬೇರೆ ಕಡೆಗಳಿಂದ ಬಂದವರು ಅವರಲ್ಲಿದ್ದರು. ಮೊದಲು ಶಾಲೆಯ ಅಂಗಳದಲ್ಲಿ ಅಹಿಂಸೆಯ ಪ್ರತಿಜ್ಞೆಯನ್ನು ಮಾಡಿ, ಡೊಳ್ಳು ಬಡಿಯುವವರನ್ನು ಮುಂದಿಟ್ಟುಕೊಂಡು ಮೆರವಣಿಗೆಯಲ್ಲಿ ವಿವಾದದ ನೆಲಕ್ಕೆ ನಡೆದರು. ಅಲ್ಲಿ ನೂರು ನೀಲಗಿರಿ ಸಸಿಗಳನ್ನು ಕಿತ್ತು, ಅವುಗಳ ಸ್ಥಳದಲ್ಲಿ ಹಣ್ಣಿಗೂ ಮೇವಿಗೂ ಒದಗುವ ಊರಿನ ಮರಗಳ ಸಸಿಗಳನ್ನು ನೆಟ್ಟರು. ಚದುರುವ ಮೊದಲು, ನೆಟ್ಟ ಸಸಿಗಳಿಗೆ ನೀರೆರೆದು ಸಲಹುತ್ತೇವೆಂದು ಹಳ್ಳಿಯವರು ಮಾತುಕೊಟ್ಟರು.

ಈ ಸತ್ಯಾಗ್ರಹಕ್ಕೆ ‘ಕಿತ್ತಿಕೋ–ಹಚ್ಚಿಕೋ’ ಎಂದು ಹೆಸರು. ಉತ್ತರ ಕರ್ನಾಟಕದಲ್ಲಿ ಸಸಿ ಹಚ್ಚುವುದೆಂದರೆ ನೆಡುವುದು. ಹೆಸರಿನಲ್ಲಿಯೇ ಒಂದು ವಿವೇಕವಿದೆ. ಕೀಳುವುದು ಪ್ರತಿಭಟನೆ, ಹಚ್ಚುವುದು ಹೊಣೆ. ಮೊದಲನೆಯದನ್ನು ಮಾತ್ರ ಮಾಡಿದ್ದರೆ ಅದನ್ನು ನಾಶವೆಂದು ಕರೆಯಬಹುದಾಗಿತ್ತು. ಎರಡನೆಯದನ್ನು ಮಾತ್ರ ಮಾಡಿದ್ದರೆ ಅದು ಮತ್ತೊಂದು ವನಮಹೋತ್ಸವವಾಗುತ್ತಿತ್ತು.

ಕಿತ್ತ ಸಸಿಗಳ ಸಂಖ್ಯೆಯನ್ನು ನೋಡಿ. ಎರಡು ಸಾವಿರ ಜನ ಸೇರಿದ್ದಾಗ ನೂರನ್ನು ಮಾತ್ರ ಕೀಳುವುದು ಶಕ್ತಿಯ ಕೊರತೆಯಿಂದಲ್ಲ, ಸಂಯಮದಿಂದ. ಗಾಂಧೀಜಿಯವರು ದಂಡಿಯಲ್ಲಿ ಎತ್ತಿದ ಉಪ್ಪು ಹಿಡಿಯಷ್ಟೇ. ನೂರು ಸಸಿಗಳು ೪೦೦ ಹೆಕ್ಟೇರಿನ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ‘ಈ ನೆಲದಲ್ಲಿ ಯಾವ ಮರ ಬೆಳೆಯಬೇಕೆಂದು ಹೇಳುವ ಅಧಿಕಾರ ಯಾರದು?’ ಎಂಬ ಪ್ರಶ್ನೆಯನ್ನು ಕೇಳುವುದಕ್ಕೆ ಅಷ್ಟು ಸಾಕಾಯಿತು. ತುರುವನೂರಿನ ಸತ್ಯಾಗ್ರಹಿಗಳು ಮರವನ್ನು ಕಡಿದು ಕೇಳಿದ ಪ್ರಶ್ನೆಯನ್ನು ಕುಸನೂರಿನವರು ನೆಟ್ಟು ಕೇಳಿದರು. ಈ ಎರಡರ ನಡುವೆ ವಿರೋಧವಿಲ್ಲ, ಮುಂದುವರಿಕೆಯಿದೆ ಎಂಬುದು ನಮ್ಮ ಅಭಿಪ್ರಾಯ. ಎರಡು ಕಡೆಯಲ್ಲಿಯೂ ಮರವು ಕೇವಲ ಮರವಾಗಿರದೆ ನೆಲದ ಒಡೆತನದ ಗುರುತಾಗಿತ್ತು. ಬದಲಾದುದು ಒಂದು ಸಂಗತಿ. ಸ್ವರಾಜ್ಯ ಬಂದ ಮೇಲೆ ಪರಕೀಯ ಸರ್ಕಾರಕ್ಕೆ ನಷ್ಟ ಮಾಡುವುದು ಸಾಧನೆಯಾಗಿ ಉಳಿಯಲಿಲ್ಲ. ಬದಲಿಗೆ, ಸ್ವಂತ ಸರ್ಕಾರಕ್ಕಿಂತ ಚೆನ್ನಾಗಿ ನೆಲವನ್ನು ನೋಡಿಕೊಳ್ಳಬಲ್ಲೆವೆಂದು ಊರಿನವರು ತೋರಿಸಬೇಕಾಯಿತು. ಅದು ಹೆಚ್ಚು ಕಷ್ಟವಾದ ಸತ್ಯಾಗ್ರಹ.

ಮುಂದಿನ ವರ್ಷಗಳಲ್ಲಿ ನ್ಯಾಯಾಲಯದ ವ್ಯವಹಾರ, ಪತ್ರಿಕೆಗಳ ಚರ್ಚೆ, ಹಳ್ಳಿಗಳ ಸಭೆಗಳು ಒಟ್ಟಿಗೆ ನಡೆದುವು. ಕೊನೆಗೆ ೧೯೯೧ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸಂಸ್ಥೆಯು ಮುಚ್ಚಿತು. ಇದನ್ನು ಒಂದು ದಿನದ ಸತ್ಯಾಗ್ರಹದ ಫಲವೆಂದು ಹೇಳುವುದು ಅತ್ಯುಕ್ತಿ. ನ್ಯಾಯಾಲಯದ ತಡೆಯಾಜ್ಞೆ ಇಲ್ಲದಿದ್ದರೆ ಸತ್ಯಾಗ್ರಹಕ್ಕೆ ಬಲವಿರುತ್ತಿರಲಿಲ್ಲ. ಸತ್ಯಾಗ್ರಹವಿಲ್ಲದಿದ್ದರೆ ತಡೆಯಾಜ್ಞೆಯು ಕಾಗದದಲ್ಲಿ ಉಳಿಯುತ್ತಿತ್ತು.

೬

ಇದರ ಪರಿಣಾಮಗಳು ಆ ಸೀಮೆಯನ್ನು ದಾಟಿ ಹೋದುವೆಂದು ಹೇಳಲಾಗದಿದ್ದರೂ ಅದೇ ದಿಕ್ಕಿನ ಹೆಜ್ಜೆಗಳು ಅನಂತರ ಕಾಣುತ್ತವೆ. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಹೊರಡಿಸಿದ ಆದೇಶದಿಂದ ಗ್ರಾಮ ಅರಣ್ಯ ಸಮಿತಿಗಳು ಇಲಾಖೆಯೊಡನೆ ಸೇರಿ ಅರಣ್ಯವನ್ನು ಬೆಳೆಸುವ ಪದ್ಧತಿ ಬಂದಿತು. ೨೦೦೨ರ ಜೀವವೈವಿಧ್ಯ ಅಧಿನಿಯಮವು ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕೆಂದು ವಿಧಿಸಿತು. ೨೦೧೧ರ ಜನವರಿ ೨೮ರಂದು ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ, ಊರಿನ ಸಾಮುದಾಯಿಕ ನೆಲಗಳ ಅತಿಕ್ರಮಣವನ್ನು ತೆರವು ಮಾಡುವ ಯೋಜನೆಯನ್ನು ರೂಪಿಸಲು ರಾಜ್ಯ ಸರ್ಕಾರಗಳಿಗೆ ನಿರ್ದೇಶಿಸಿತು. ೨೦೧೭ರಲ್ಲಿ ಕರ್ನಾಟಕ ಸರ್ಕಾರವು ನೀಲಗಿರಿಯನ್ನು ಹೊಸದಾಗಿ ನೆಡದಂತೆ ಆದೇಶ ಹೊರಡಿಸಿತು. ಮೂವತ್ತು ವರ್ಷಗಳ ಹಿಂದೆ ಹಳ್ಳಿಗರು ಹೇಳಿದ ಮಾತು ಹೀಗೆ ಸರ್ಕಾರದ ಕಡತವನ್ನು ಸೇರಿತು.

ಈಗ ನಾವು ಪ್ರಾರಂಭಿಸಿದ ಸೀಮೆಗೆ ಹಿಂದಿರುಗಬಹುದು. ಘಾಟಬೋರಾಳದ ಸುತ್ತಿನ ಹಳ್ಳಗಳ ದಡದಲ್ಲಿ ಯಾರಾದರೂ ಸಸಿ ನೆಡಲು ಹೊರಟರೆ ಕುಸನೂರಿನ ಇತಿಹಾಸ ಅವರಿಗೆ ಏನನ್ನು ಹೇಳುತ್ತದೆ? ಯಾವ ಮರವೆಂಬ ಪ್ರಶ್ನೆಗೆ ಉತ್ತರ ಆ ಹಳ್ಳದಲ್ಲಿಯೇ ಇರುತ್ತದೆ. ಮೇಲಕ್ಕೂ ಕೆಳಕ್ಕೂ ಸ್ವಲ್ಪ ದೂರ ನಡೆದು, ತಾನಾಗಿ ಬೆಳೆದು ಉಳಿದಿರುವ ಮರ ಯಾವುದೆಂದು ನೋಡಿದರೆ ಸಾಕು. ಅದರ ಬೀಜವೇ ಆ ದಡದ ಸಸಿ. ಯಾರ ನೆಲವೆಂಬ ಪ್ರಶ್ನೆ ಇದಕ್ಕಿಂತ ಕಠಿಣ. ದಡವು ದಫ್ತರದಲ್ಲಿ ಸರ್ಕಾರದ್ದಾಗಿರಬಹುದು, ನೇಗಿಲು ನೀರಿನ ಅಂಚಿನವರೆಗೂ ಹೋಗಿರಬಹುದು. ದಡದ ಪಕ್ಕದ ರೈತನ ಒಪ್ಪಿಗೆಯೂ, ದನ ಮೇಯಿಸುವವರ ಒಪ್ಪಿಗೆಯೂ, ಪಂಚಾಯತಿಯ ನಿರ್ಣಯವೂ ಇಲ್ಲದೆ ನೆಟ್ಟ ಸಸಿಗೆ ಆಯುಸ್ಸು ಕಡಮೆ. ಬೀಜ ಎತ್ತಿ ಮಾರಬಹುದಾದ ಹೊಂಗೆ, ಹಣ್ಣಿನ ನೇರಳೆ, ಮೇವಿನ ಅತ್ತಿ ಇವುಗಳ ಫಲ ಯಾರಿಗೆ ಸೇರಬೇಕೆಂದು ನೆಡುವ ದಿನವೇ ಗೊತ್ತುಮಾಡಿದರೆ ಅವುಗಳನ್ನು ಕಾಯುವವರು ತಾವಾಗಿ ಹುಟ್ಟುತ್ತಾರೆ. ಯಾರ ಆರೈಕೆಯೆಂಬ ಮೂರನೆಯ ಪ್ರಶ್ನೆಗೆ ಉತ್ತರವೂ ಇದರಲ್ಲಿಯೇ ಅಡಗಿದೆ.

ನಮ್ಮ ಕಾಲೇಜುಗಳಲ್ಲಿ ಇತಿಹಾಸವನ್ನು ಓದುವ ವಿದ್ಯಾರ್ಥಿಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸವೂ ಇದೆ. ತಮ್ಮ ಊರಿನ ಹಳೆಯ ಕಂದಾಯ ನಕ್ಷೆಯಲ್ಲಿ ಹಳ್ಳದ ಅಗಲವೆಷ್ಟು, ಗೋಮಾಳವೆಷ್ಟು ಎಂದು ನೋಡಿ ಈಗಿನ ಸ್ಥಿತಿಯೊಡನೆ ಹೋಲಿಸಬಹುದು. ದಡದಲ್ಲಿ ಹಿಂದೆ ಯಾವ ಮರಗಳಿದ್ದುವು, ಅವನ್ನು ಯಾರು ಯಾವಾಗ ಕಡಿದರು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಬಹುದು. ಊರಿನ ಹೆಸರು, ಹೊಲದ ಹೆಸರು, ಹಳ್ಳದ ಹೆಸರುಗಳಲ್ಲಿ ಮರಗಳ ಹೆಸರು ಉಳಿದಿರುವುದುಂಟು. ಇವುಗಳನ್ನು ಕಲೆಹಾಕಿದರೆ ಶಾಸನಗಳಲ್ಲಿ ದೊರೆಯದ ಒಂದು ಇತಿಹಾಸ ದೊರೆಯುತ್ತದೆ. ಮುಂದೆ ಸಸಿ ನೆಡುವವರಿಗೆ ಅದು ಕೈಪಿಡಿಯೂ ಆಗುತ್ತದೆ.

ಕುಸನೂರಿನವರು ಆ ದಿನ ಮಾಡಿದ ಕಾರ್ಯಗಳಲ್ಲಿ ಕೀಳುವುದನ್ನು ಪತ್ರಿಕೆಗಳು ಬರೆದುವು, ಹಚ್ಚುವುದನ್ನು ಪುಸ್ತಕಗಳು ಬರೆದುವು. ಕೊನೆಯಲ್ಲಿ ಅವರು ಕೊಟ್ಟ ಮಾತು, ನೀರೆರೆಯುತ್ತೇವೆಂಬ ಮಾತು, ಅಷ್ಟಾಗಿ ಯಾರ ಗಮನವನ್ನೂ ಸೆಳೆದಂತಿಲ್ಲ. ನೆಲದ ಮೇಲಿನ ಹಕ್ಕು ಬೇಕೆಂದು ಕೇಳಿದವರು ಅದೇ ಉಸಿರಿನಲ್ಲಿ ಅದರ ಕೆಲಸವನ್ನೂ ತಮ್ಮದೆಂದು ಒಪ್ಪಿಕೊಂಡರು. ಹೊಳೆಯ ದಡಕ್ಕೆ ಸಸಿಯನ್ನು ಒಯ್ಯುವವರು ಆ ಮಾತನ್ನು ಜೊತೆಯಲ್ಲಿ ಒಯ್ಯುವುದು ಒಳ್ಳೆಯದು.